ಮನೆಯ ಮೇಲಿನ ಸೂರ್ಯನೂ ಬೀದಿಯ ತಂತಿಯೂ

ಅರ್ಥಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಾನು ವಿದ್ಯುಚ್ಛಕ್ತಿಯನ್ನು ಕುರಿತು ಲೇಖನ ಬರೆಯಹೊರಟಿರುವುದನ್ನು ಕಂಡು ವಿಜ್ಞಾನದ ವಿದ್ಯಾರ್ಥಿಗಳಾದ ಮಿತ್ರರು ನಗಬಹುದು. ಇದು ಅಧಿಕಪ್ರಸಂಗವಲ್ಲವೆ ಎಂದು ಕೇಳಲೂಬಹುದು. ಆದರೆ ವಿದ್ಯುಚ್ಛಕ್ತಿಯು ಪ್ರಯೋಗಶಾಲೆಯಿಂದ ಹೊರಬಿದ್ದು ಅಡಿಗೆಮನೆಗೂ, ರೈತನ ಹೊಲಕ್ಕೂ, ಸರ್ಕಾರದ ಆಯವ್ಯಯಕ್ಕೂ ಬಂದು ನಿಂತು ಬಹುಕಾಲವಾಯಿತು. ಅದು ಈಗ ವಿಜ್ಞಾನಿಗಳೊಬ್ಬರದೇ ಸೊತ್ತಲ್ಲ. ಮೇಲಾಗಿ, ನನ್ನ ತಂದೆಯವರು ವಿದ್ಯುತ್ ಸರಬರಾಜು ಕಂಪೆನಿಯೊಂದರಲ್ಲಿ ಲೈನ್‌ಮನ್ ಆಗಿದ್ದಾರೆ. ಕಂಬ, ತಂತಿ, ಫ್ಯೂಸುಗಳ ಮಾತು ಕೇಳುತ್ತಲೇ ನಾನು ಬೆಳೆದವಳು. ಆದುದರಿಂದ ಈ ವಿಷಯದಲ್ಲಿ ಎರಡು ಮಾತು ಆಡುವ ಸಲಿಗೆಯನ್ನು ವಾಚಕರು ಕೊಡುವರೆಂದು ನಂಬಿದ್ದೇನೆ.

ಕಳೆದ ಬೇಸಗೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯಿಂದ ಪ್ರಾರಂಭಿಸುತ್ತೇನೆ. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿದ್ದಾರೆ. ಊರಿಗೆಲ್ಲ ಅವರು ಮೇಷ್ಟರು. ಪಿಂಚಣಿಯ ಹಣದಲ್ಲಿ ಅವರು ತಾರಸಿಯ ಮೇಲೆ 3 ಕಿಲೋವಾಟ್ ಸಾಮರ್ಥ್ಯದ ಸೌರ ಫಲಕಗಳನ್ನು ಹಾಕಿಸಿದರು. ಫಲಕ ಕೂರಿಸಲು ಎರಡು ದಿನ ಸಾಕಾಯಿತು. ಆದರೆ ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರು ಬರಲು ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳೂ ಮೇಷ್ಟರು ನಮ್ಮ ತಂದೆಯವರನ್ನು ಕಂಡಾಗಲೆಲ್ಲ, "ಏನಪ್ಪಾ, ನಿಮ್ಮ ಕಂಪೆನಿಗೆ ನನ್ನ ತಾರಸಿಯ ಸೂರ್ಯನನ್ನು ಕಂಡರೆ ಹೊಟ್ಟೆಯುರಿಯೇ?" ಎಂದು ಕೇಳುತ್ತಿದ್ದರು. ತಂದೆಯವರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಕೊನೆಗೆ ಮೀಟರು ಬಂತು. ಬಂದ ವಾರದಲ್ಲೇ, ನಡುಮಧ್ಯಾಹ್ನ ಬಿಸಿಲು ಧಗಧಗಿಸುತ್ತಿದ್ದಾಗ, ಬೀದಿಯ ಕರೆಂಟು ಹೋಯಿತು. ಅದರ ಜೊತೆಗೇ ಮೇಷ್ಟರ ಮನೆಯ ಫ್ಯಾನೂ ನಿಂತಿತು. ನಮ್ಮ ಅಜ್ಜಿ ಜಗುಲಿಯ ಮೇಲೆ ಕುಳಿತಿದ್ದವರು, "ಸೂರ್ಯ ತಲೆಯ ಮೇಲೇ ಇದ್ದಾನಲ್ಲ ಮೇಷ್ಟ್ರೇ, ಮತ್ತೆ ನಿಮ್ಮ ಕರೆಂಟು ಏಕೆ ಹೋಯಿತು?" ಎಂದರು. ಮೇಷ್ಟರಲ್ಲಿ ಉತ್ತರವಿರಲಿಲ್ಲ, ಕೋಪವಿತ್ತು. ಅದೇ ಹೊತ್ತಿನಲ್ಲಿ ನಮ್ಮ ತಂದೆಯವರು ಎರಡು ಬೀದಿ ಆಚೆ ಕಂಬದ ಮೇಲೆ ಹರಿದ ತಂತಿಯನ್ನು ಕಟ್ಟುತ್ತಿದ್ದರು. ಅಜ್ಜಿಯ ಪ್ರಶ್ನೆಗೂ ಮೇಷ್ಟರ ಕೋಪಕ್ಕೂ ಕಂಬದ ಮೇಲಿದ್ದ ನಮ್ಮ ತಂದೆಗೂ ಇರುವ ಸಂಬಂಧವೇ ಈ ಲೇಖನದ ವಸ್ತು.

ಈ ಸಂಬಂಧವನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ನಾಡಿನಲ್ಲಿ ವಿದ್ಯುಚ್ಛಕ್ತಿಯ ಕಥೆ ಶಿವನಸಮುದ್ರದಿಂದ ಮೊದಲಾಗುತ್ತದೆ. 1902ರಲ್ಲಿ ಕಾವೇರಿಯ ಜಲಪಾತದಿಂದ ಉತ್ಪಾದಿಸಿದ ಶಕ್ತಿಯನ್ನು ಸುಮಾರು 90 ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಒಯ್ಯಲಾಯಿತು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಆ ಕಾಲಕ್ಕೆ ಅದೊಂದು ಮಹತ್ಸಾಧನೆ. ಆದರೆ ತಂತಿಯು ಯಾವ ಹಳ್ಳಿಗಳ ಮೇಲೆ ಹಾದುಹೋಯಿತೋ ಆ ಹಳ್ಳಿಗಳ ಮನೆಗಳಲ್ಲಿ ಅಂದು ಉರಿಯುತ್ತಿದ್ದುದು ಎಣ್ಣೆಯ ಹಣತೆಯೇ. ಶಕ್ತಿ ಹುಟ್ಟುವುದು ಒಂದು ಕಡೆ, ಉರಿಯುವುದು ಮತ್ತೊಂದು ಕಡೆ. ನಡುವೆ ಒಂದೇ ದಿಕ್ಕಿಗೆ ಹರಿಯುವ ತಂತಿ. ಮುಂದೆ ಜೋಗ, ಶರಾವತಿ, ರಾಯಚೂರುಗಳಲ್ಲಿ ದೊಡ್ಡ ದೊಡ್ಡ ಕೇಂದ್ರಗಳು ಬಂದರೂ ಈ ಕ್ರಮ ಬದಲಾಗಲಿಲ್ಲ. 1999ರಲ್ಲಿ ವಿದ್ಯುತ್ ಮಂಡಲಿಯು ಪ್ರಸರಣ ನಿಗಮವಾಯಿತು. 2002ರಲ್ಲಿ ಹಂಚಿಕೆಯ ಕೆಲಸವನ್ನು ಪ್ರತ್ಯೇಕಿಸಿ ಪ್ರಾಂತವಾರು ಕಂಪೆನಿಗಳಿಗೆ ವಹಿಸಲಾಯಿತು. ಹೆಸರುಗಳು ಬದಲಾದುವು. ಕರೆಂಟು ಮಾತ್ರ ಮೇಲಿನಿಂದ ಕೆಳಕ್ಕೆ, ದೊಡ್ಡ ಕೇಂದ್ರದಿಂದ ಚಿಕ್ಕ ಮನೆಗೆ, ಇಳಿಯುತ್ತಲೇ ಇತ್ತು. ಕಂಪೆನಿಯು ಮಾರುವುದು, ನಾವು ಕೊಳ್ಳುವುದು: ವ್ಯವಹಾರ ಇಷ್ಟೇ.

ಈ ಸರಳ ವ್ಯವಹಾರವನ್ನು ಕದಡಿದ್ದು ಸಣ್ಣ ಸಣ್ಣ ಸ್ಥಳೀಯ ಉತ್ಪಾದನೆಗಳು. ಮನೆಯ ತಾರಸಿಯ ಫಲಕ, ಹೊಲದಲ್ಲಿನ ಸೌರ ಪಂಪ್‌ಸೆಟ್ಟು, ಮಲೆನಾಡಿನ ಒಂಟಿಮನೆಗಳಲ್ಲಿ ಝರಿಯ ನೀರನ್ನು ಕೊಳವೆಯಲ್ಲಿ ಇಳಿಸಿ ತಿರುಗಿಸುವ ಪುಟ್ಟ ಜಲಚಕ್ರ, ಇವೆಲ್ಲವನ್ನೂ ಈ ವರ್ಗಕ್ಕೆ ಸೇರಿಸಬಹುದು. ನಮ್ಮ ರಾಜ್ಯದಲ್ಲಿ ಪಾವಗಡದ ಸೌರ ಉದ್ಯಾನದಂತಹ 2,050 ಮೆಗಾವಾಟಿನ ಬೃಹತ್ ಸ್ಥಾವರವೂ ಇದೆ. ಆದರೆ ಅದು ಸೂರ್ಯನಿಂದ ನಡೆದರೂ ಹಳೆಯ ಜಾತಿಯದೇ. ಒಂದೆಡೆ ಹುಟ್ಟಿ ದೂರಕ್ಕೆ ಹರಿಯತಕ್ಕದ್ದು. ನಾನು ಹೇಳುತ್ತಿರುವುದು ಮೇಷ್ಟರ ತಾರಸಿಯ ಜಾತಿಯದು. ಹುಟ್ಟಿದ ಬೀದಿಯಲ್ಲೇ ಉರಿಯತಕ್ಕದ್ದು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ತಾರಸಿಯ ಮೇಲೆ ಫಲಕ ಹಾಕಿಸಿದವರಿಗೆ ಕಂಪೆನಿಯ ಹಂಗಿಲ್ಲವೆಂದು ಅನೇಕರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹಾಗಲ್ಲವೆಂದು ತಿಳಿಯುತ್ತದೆ. ನಮ್ಮ ಕಡೆಯ ಬಿಸಿಲಿಗೆ 1 ಕಿಲೋವಾಟ್ ಫಲಕವು ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಮೇಷ್ಟರ 3 ಕಿಲೋವಾಟಿನಿಂದ ತಿಂಗಳಿಗೆ 360 ಯೂನಿಟ್ ಬಂತೆನ್ನೋಣ. ಅವರ ಮನೆಯ ಖರ್ಚು 250 ಯೂನಿಟ್ ಎಂದಿಟ್ಟುಕೊಳ್ಳೋಣ. ಉತ್ಪಾದನೆಯೇ ಹೆಚ್ಚಾಗಿದೆ. ಆದರೆ ಫಲಕವು ದುಡಿಯುವುದು ಹಗಲಿನಲ್ಲಿ. ಮನೆಯವರು ದೀಪ, ಟೆಲಿವಿಷನ್, ಮಿಕ್ಸರು ಹಚ್ಚುವುದು ಸಂಜೆ ಮತ್ತು ಮುಂಜಾನೆ. ಹಗಲಿನಲ್ಲಿ ಮನೆಯಲ್ಲೇ ಬಳಕೆಯಾದದ್ದು 90 ಯೂನಿಟ್ ಆದರೆ ಮಿಕ್ಕ 270 ಯೂನಿಟ್ ಬೀದಿಯ ತಂತಿಗೆ ಹೋಗುತ್ತದೆ. ರಾತ್ರಿಯ ಖರ್ಚಿಗೆ ಬೇಕಾದ 160 ಯೂನಿಟ್ ಅದೇ ತಂತಿಯಿಂದ ಬರುತ್ತದೆ. ತಿಂಗಳ ಕೊನೆಗೆ 270ರಲ್ಲಿ 160 ಕಳೆದು, 110 ಯೂನಿಟ್ಟಿಗೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೊತ್ತುಮಾಡಿದ ದರದಂತೆ ಮೇಷ್ಟರಿಗೆ ಹಣ ಸಲ್ಲುತ್ತದೆ. ಇದಕ್ಕೆ ನೆಟ್ ಮೀಟರಿಂಗ್ ಎಂದು ಹೆಸರು. ಕೊಟ್ಟದ್ದನ್ನೂ ಪಡೆದದ್ದನ್ನೂ ಎರಡನ್ನೂ ಬರೆದಿಡುವ ಮೀಟರಿಲ್ಲದೆ ಈ ವ್ಯವಹಾರ ನಡೆಯಲಾರದು. ಹಗಲಿನ ಮಿಗತೆಯನ್ನು ಒಪ್ಪಿಕೊಂಡು ರಾತ್ರಿಯ ಕೊರತೆಯನ್ನು ತುಂಬಿಕೊಡುವ ಕಣಜ ಯಾವುದು? ಬೀದಿಯ ತಂತಿಯೇ. ಆ ತಂತಿಯ ಒಡೆಯ ಯಾರು? ಕಂಪೆನಿಯೇ.

ಹಾಗಾದರೆ ಕಂಪೆನಿಯು ಮಾಡಬೇಕಾದ ಕೆಲಸಗಳಾವುವು? ನನಗೆ ತೋರಿದ ಮಟ್ಟಿಗೆ ಮೂರು: ಸಂಪರ್ಕ ಕೊಡುವುದು, ಪ್ರಾಣ ಕಾಯುವುದು, ವೋಲ್ಟೇಜನ್ನು ಅಂಕೆಯಲ್ಲಿಡುವುದು.

ಮೊದಲನೆಯದರಲ್ಲಿ ಮೇಷ್ಟರ ದೂರು ನ್ಯಾಯವಾದದ್ದು. ಫಲಕಕ್ಕೆ ಹಣ ಸುರಿದು ನಾಲ್ಕು ತಿಂಗಳು ಮೀಟರಿಗಾಗಿ ಕಾಯುವವನಿಗೆ ಸಾಲದ ಬಡ್ಡಿ ಕಾಯುವುದಿಲ್ಲ. ಈ ತೊಂದರೆ ಒಂದೂರಿನದಲ್ಲವಾದುದರಿಂದಲೇ ಕೇಂದ್ರ ಸರ್ಕಾರವು ವಿದ್ಯುಚ್ಛಕ್ತಿ ಗ್ರಾಹಕರ ಹಕ್ಕುಗಳ ನಿಯಮಗಳನ್ನು 2020ರಲ್ಲಿ ಹೊರಡಿಸಿ 2024ರಲ್ಲಿ ತಿದ್ದಿತು. ಈ ತಿದ್ದುಪಡಿಯಂತೆ 10 ಕಿಲೋವಾಟ್‌ವರೆಗಿನ ತಾರಸಿ ಸ್ಥಾವರಗಳಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಕೆಲಸ ಮುಗಿದ ಮೇಲೆ ಕಂಪೆನಿಯು ಚಾಲನೆ ಕೊಡಬೇಕಾದ ಅವಧಿಯು 30 ದಿನಗಳಿಂದ 15 ದಿನಗಳಿಗೆ ಇಳಿಯಿತು. 5 ಕಿಲೋವಾಟ್‌ವರೆಗಿನ ಸ್ಥಾವರಕ್ಕಾಗಿ ತಂತಿ, ಟ್ರಾನ್ಸ್‌ಫಾರ್ಮರುಗಳನ್ನು ಬಲಪಡಿಸಬೇಕಾಗಿ ಬಂದರೆ ಆ ವೆಚ್ಚವೂ ಕಂಪೆನಿಯದೇ. ನಿಯಮವು ಕಾಗದದ ಮೇಲೆ ಚೆನ್ನಾಗಿದೆ. ಅದು ಶಾಖಾ ಕಚೇರಿಯ ಮೇಜಿನವರೆಗೆ ನಡೆದುಬರುವುದು ಮಾತ್ರ ಅಲ್ಲಿನ ಸಿಬ್ಬಂದಿಯನ್ನೂ, ದಾಸ್ತಾನಿನಲ್ಲಿರುವ ಮೀಟರುಗಳನ್ನೂ ಅವಲಂಬಿಸಿದೆ.

ಎರಡನೆಯದಕ್ಕೆ ಬರೋಣ. ಅಜ್ಜಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ದಿನ ಸಂಜೆ ಮೇಷ್ಟರು ನಮ್ಮ ಮನೆಗೇ ಬಂದರು. ತಂದೆಯವರು ಕೈಕಾಲು ತೊಳೆದು ಬಂದು ಕುಳಿತು, ನಿಧಾನವಾಗಿ ಹೇಳಿದರು: "ಮೇಷ್ಟ್ರೇ, ನಾವು ಎಲ್.ಸಿ. ತೆಗೆದುಕೊಂಡು, ಲೈನು ಬಂದ್ ಮಾಡಿಸಿಯೇ ಕಂಬ ಹತ್ತೋದು. ಮೇಲಿಂದ ಕರೆಂಟು ಬರೋದಿಲ್ಲ ಅಂತ ನಂಬಿಕೆ. ಆದರೆ ಕೆಳಗಿಂದ, ನಿಮ್ಮ ತಾರಸಿಯಿಂದ, ಬಂದರೆ?"

ಎಲ್.ಸಿ. ಎಂದರೆ ಲೈನ್ ಕ್ಲಿಯರ್. ತಂತಿಯಲ್ಲಿ ಶಕ್ತಿಯಿಲ್ಲವೆಂದು ಸಬ್‌ಸ್ಟೇಷನ್ನಿನವರು ಕೊಡುವ ಮಾತು. ನಮ್ಮ ಕಡೆ ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಇಳಿಸಿ ಮನೆಗೆ 230 ವೋಲ್ಟಾಗಿ ಕೊಡುತ್ತದೆಂದು ಎಲ್ಲರೂ ಬಲ್ಲರು. ಆದರೆ ಟ್ರಾನ್ಸ್‌ಫಾರ್ಮರಿಗೆ ಮೇಲು ಕೀಳೆಂಬ ಭೇದವಿಲ್ಲ. ಕೆಳಗಿನಿಂದ 230 ವೋಲ್ಟ್ ಕೊಟ್ಟರೆ ಅದು ಮೇಲಕ್ಕೆ 11,000 ವೋಲ್ಟಾಗಿ ಏರಿಸಿಬಿಡುತ್ತದೆ. ಹಿಂದೆ ಒಂದು ಮದುವೆಯ ಮನೆಯವರು ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಡೀಸೆಲ್ ಜನರೇಟರನ್ನು ಮನೆಯ ತಂತಿಗೆ ಜೋಡಿಸಿದ್ದರಿಂದ ತಂದೆಯವರ ಜೊತೆಗಾರರೊಬ್ಬರು ಕಂಬದಿಂದ ಬಿದ್ದು ಕೈ ಕಳೆದುಕೊಂಡಿದ್ದರು. ಆ ಮಾತನ್ನು ತಂದೆಯವರು ಮನೆಯಲ್ಲಿ ಎಂದೂ ಆಡಿದವರಲ್ಲ. ಆ ಸಂಜೆ ಮೊದಲ ಬಾರಿಗೆ ಆಡಿದರು.

ಈ ಅಪಾಯವನ್ನು ತಪ್ಪಿಸುವುದಕ್ಕಾಗಿಯೇ ತಂತಿಗೆ ಜೋಡಿಸುವ ಸೌರ ಇನ್ವರ್ಟರಿನಲ್ಲಿ ಒಂದು ಏರ್ಪಾಡಿರುತ್ತದೆ. ಇನ್ವರ್ಟರೆಂದರೆ ಫಲಕದ ನೇರ ಪ್ರವಾಹವನ್ನು ಮನೆಗೆ ಒಗ್ಗುವ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವ ಪೆಟ್ಟಿಗೆ. ಅದು ಬೀದಿಯ ತಂತಿಯ ನಾಡಿಯನ್ನು ಸದಾ ಹಿಡಿದುಕೊಂಡೇ ಇರುತ್ತದೆ. ತಂತಿಯಲ್ಲಿ ಶಕ್ತಿ ನಿಂತೊಡನೆ, ಎರಡು ಸೆಕೆಂಡುಗಳೊಳಗಾಗಿ, ತಾನೂ ಕೈ ಬಿಡುತ್ತದೆ. ಎಲ್ಲ ಕಡೆಯೂ ಶಕ್ತಿ ನಿಂತಿರುವಾಗ ಒಂದು ಬೀದಿ ಮಾತ್ರ ತನ್ನಷ್ಟಕ್ಕೆ ಉರಿಯುತ್ತ ದ್ವೀಪವಾಗಬಾರದೆಂಬುದು ಇದರ ತಾತ್ಪರ್ಯ. ಮೇಷ್ಟರ ಫ್ಯಾನು ನಿಂತದ್ದು ಯಂತ್ರದ ದೋಷದಿಂದಲ್ಲ. ಕಂಬದ ಮೇಲಿನ ಮನುಷ್ಯನ ಪ್ರಾಣಕ್ಕಾಗಿ. ಬ್ಯಾಟರಿಯೊಡನೆ ಬೇರೆ ಬಗೆಯ ಇನ್ವರ್ಟರನ್ನು ಇಟ್ಟುಕೊಂಡರೆ, ಬೀದಿಯ ತಂತಿಯಿಂದ ಮನೆಯನ್ನು ಕಡಿದುಕೊಂಡು ಮನೆಯ ಮಟ್ಟಿಗೆ ದೀಪ ಹಚ್ಚಿಕೊಳ್ಳಬಹುದು. ಅದಕ್ಕೆ ವೆಚ್ಚ ಹೆಚ್ಚು. ಆದರೆ ಇದನ್ನೆಲ್ಲ ಮೇಷ್ಟರಿಗೆ ಫಲಕ ಹಾಕಿಸುವ ಮೊದಲೇ ಹೇಳಬೇಕಾದವರು ಯಾರು? ಮಾರಿದವನು ಹೇಳಲಿಲ್ಲ, ಕಂಪೆನಿಯೂ ಹೇಳಲಿಲ್ಲ. ಒಂದು ಪುಟದ ತಿಳಿವಳಿಕೆ ಪತ್ರವು ಅರ್ಜಿಯ ಜೊತೆಯಲ್ಲೇ ಸಿಕ್ಕಿದ್ದರೆ ಆ ದಿನದ ಕೋಪ ಹುಟ್ಟುತ್ತಲೇ ಇರಲಿಲ್ಲ.

ಮೂರನೆಯದು ವೋಲ್ಟೇಜಿನ ವಿಚಾರ. ಟಿ.ಸಿ.ಯಿಂದ ದೂರ ಹೋದಂತೆಲ್ಲ ವೋಲ್ಟೇಜು ಇಳಿಯುವುದು ವಾಡಿಕೆ. ಬೀದಿಯ ಕೊನೆಯ ಮನೆಯಲ್ಲಿ ಸಂಜೆ ಬಲ್ಬು ಮಂಕಾಗುವುದು ಇದರಿಂದಲೇ. ಆ ಕೊನೆಯ ಮನೆಯಲ್ಲೇ ಸೌರ ಫಲಕವಿದ್ದರೆ ಹಗಲಿನಲ್ಲಿ ಅಲ್ಲಿಯೇ ಶಕ್ತಿ ಹುಟ್ಟುತ್ತದೆ. ದೂರದಿಂದ ಬರುವ ಪ್ರವಾಹ ತಗ್ಗುತ್ತದೆ. ತಂತಿ ಕಾದು ಆಗುವ ನಷ್ಟವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ಪ್ರವಾಹ ಅರ್ಧವಾದರೆ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಇದು ಕಂಪೆನಿಗೇ ಲಾಭ. ಆದರೆ ಒಂದೇ ಬೀದಿಯಲ್ಲಿ ಹತ್ತು ಮನೆಯವರು ಫಲಕ ಹಾಕಿಸಿ, ಮಧ್ಯಾಹ್ನ ಎಲ್ಲರೂ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಹೋದರೆಂದರೆ, ಶಕ್ತಿಯು ಹಿಮ್ಮುಖವಾಗಿ ಹರಿದು ಕೊನೆಯ ಮನೆಯಲ್ಲಿ ವೋಲ್ಟೇಜು ಮಿತಿಮೀರಿ ಏರುತ್ತದೆ. ಆಗ ಇನ್ವರ್ಟರುಗಳು ತಾವೇ ಸುಮ್ಮನಾಗುತ್ತವೆ; ಬಿಸಿಲು ವ್ಯರ್ಥವಾಗುತ್ತದೆ. 63 ಕೆ.ವಿ.ಎ. ಟಿ.ಸಿ.ಯ ಕೆಳಗೆ ಎಷ್ಟು ಫಲಕಗಳಿಗೆ ಜಾಗವಿದೆ, ಯಾವ ಬೀದಿಯಲ್ಲಿ ದಪ್ಪ ತಂತಿ ಹಾಕಬೇಕು, ಎಲ್ಲಿ ಟಿ.ಸಿ. ಬದಲಾಯಿಸಬೇಕು, ಎಂಬುದನ್ನು ಮನೆಯವನು ಹೇಗೆ ತಿಳಿದಾನು? ಇಡೀ ಬೀದಿಯನ್ನು ಒಟ್ಟಿಗೆ ಕಾಣುವ ಕಣ್ಣು ಕಂಪೆನಿಗೆ ಮಾತ್ರ ಇದೆ.

ಇಷ್ಟು ಕೇಳಿದ ಮೇಲೆ ಅಜ್ಜಿ ಒಂದು ಮಾತು ಹೇಳಿದರು. ನನ್ನ ಈ ಲೇಖನಕ್ಕೆ ಮೂಲವೇ ಆ ಮಾತು. "ಹಾಗಾದರೆ ನಿಮ್ಮ ಕಂಪೆನಿ ನೀರಗಂಟಿಯ ಕೆಲಸ ಮಾಡಬೇಕು ಅನ್ನು" ಎಂದರು.

ಅಜ್ಜಿಯ ತಂದೆ ತಮ್ಮೂರಿನ ಕೆರೆಯ ನೀರಗಂಟಿಯಾಗಿದ್ದರು. ಹಳೆಯ ಮೈಸೂರಿನ ಕೆರೆಯ ಕೆಳಗಿನ ಹಳ್ಳಿಗಳವರಿಗೆ ಈ ಪದವನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಕೆರೆಯ ತೂಬನ್ನು ಎತ್ತಿ ಇಳಿಸುವವನು ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಕಾಲುವೆ ಒಡೆದಿದೆ, ಯಾರು ಕದ್ದು ತಿರುಗಿಸಿಕೊಂಡಿದ್ದಾರೆ, ಎಲ್ಲ ಅವನಿಗೆ ಗೊತ್ತು. ಕೆರೆ ಅವನ ಸ್ವಂತದ್ದಲ್ಲ, ನೀರೂ ಅವನದಲ್ಲ. ಅವನು ನೀರನ್ನು ಮಾರುವವನಲ್ಲ, ಹಂಚುವವನು. ತೂಬಿನ ಹತ್ತಿರದ ದೊಡ್ಡ ಗದ್ದೆಯವನಿಗೂ ಕಾಲುವೆಯ ತುದಿಯ ಬಡವನಿಗೂ ನೀರು ಮುಟ್ಟಿತೇ ಎಂಬುದರಿಂದ ಅವನ ಯೋಗ್ಯತೆಯನ್ನು ಅಳೆಯುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಪ್ರತಿಯೊಬ್ಬ ರೈತನೂ ಅವನ ಪಾಲಿನ ಧಾನ್ಯವನ್ನು ಅಳೆದುಕೊಡುತ್ತಿದ್ದನು. ಬೇಸಗೆಯಲ್ಲಿ ಅವನಿಗೆ ಬೈಗುಳವೇ ಹೆಚ್ಚು ಸಿಗುತ್ತಿತ್ತಂತೆ. ನೀರಗಂಟಿಯ ಮೊಮ್ಮಗ ಲೈನ್‌ಮನ್ ಆದದ್ದರಲ್ಲಿ ಆಶ್ಚರ್ಯವಿಲ್ಲವೆಂದು ಆಗ ನನಗೆ ತೋರಿತು.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯು ಒಂದು ಪ್ರಶ್ನೆಯನ್ನು ಕೇಳಲೇಬೇಕು. ಕಣದಲ್ಲಿ ಧಾನ್ಯ ಅಳೆಯುವವರಾರು? ಅಂದರೆ, ಕಂಪೆನಿಯು ಮಾರುವುದನ್ನು ಬಿಟ್ಟು ಹಂಚುವವನಾದರೆ ಅದರ ಹೊಟ್ಟೆ ತುಂಬುವುದು ಹೇಗೆ?

ಕಂಪೆನಿಯ ಆದಾಯದ ಬಹುಭಾಗ ಮಾರಿದ ಯೂನಿಟ್ಟುಗಳಿಂದ ಬರತಕ್ಕದ್ದು. ಅದರ ವೆಚ್ಚದಲ್ಲಿ ದೊಡ್ಡ ಪಾಲಾದರೋ ಯೂನಿಟ್ ಮಾರಲಿ ಬಿಡಲಿ ಆಗುವಂಥದು: ಕಂಬ, ತಂತಿ, ಟಿ.ಸಿ., ಸಂಬಳ, ಉತ್ಪಾದಕರೊಡನೆ ಮಾಡಿಕೊಂಡ ದೀರ್ಘಾವಧಿಯ ಒಪ್ಪಂದಗಳು. ಮೇಷ್ಟರ ಬಿಲ್ಲು ಸೊನ್ನೆಗೆ ಇಳಿದರೆ ಕಂಬವೇನೂ ಕಡಿಮೆಯಾಗುವುದಿಲ್ಲ. ಇನ್ನೊಂದು ತೊಡಕೂ ಇದೆ. ಕಾರ್ಖಾನೆ, ಅಂಗಡಿಗಳವರು ಹೆಚ್ಚಿನ ದರ ಕೊಡುವುದರಿಂದಲೇ ಬಡವರ ಮನೆಗೂ ರೈತರ ಪಂಪ್‌ಸೆಟ್ಟಿಗೂ ಕಡಿಮೆ ದರ ಸಾಧ್ಯವಾಗಿದೆ. ಹೆಚ್ಚು ಕೊಡುವವರೇ ಮೊದಲು ಫಲಕ ಹಾಕಿಸಿಕೊಂಡು ಹೊರಟುಹೋದರೆ, ಉಳಿದವರ ಮೇಲೆ ಹೊರೆ ಬೀಳುತ್ತದೆ. ಅವರಲ್ಲಿ ಅನುಕೂಲಸ್ಥರು ಫಲಕ ಹಾಕಿಸುತ್ತಾರೆ. ಹೊರೆ ಮತ್ತೂ ಕೆಳಗಿನವರ ಮೇಲೆ ಜಾರುತ್ತದೆ. ಕೊನೆಗೆ ಉಳಿಯುವವನು ಸ್ವಂತ ತಾರಸಿಯೇ ಇಲ್ಲದ ಬಾಡಿಗೆಯ ಮನೆಯವನು. ಕಂಪೆನಿಗಳು ಮೀಟರು ಕೊಡಲು ಹಿಂದೆಮುಂದೆ ನೋಡುವುದರ ಹಿಂದೆ ಈ ಅಂಜಿಕೆಯೂ ಸ್ವಲ್ಪ ಇರಬಹುದೆಂದು ನನ್ನ ಊಹೆ. ಅಂಜಿಕೆ ನಿಜವಾದದ್ದೇ, ಆದರೆ ತಡಮಾಡುವುದು ಅದಕ್ಕೆ ಮದ್ದಲ್ಲ.

ಸರ್ಕಾರಗಳ ನೀತಿಯೂ ಇಲ್ಲಿ ಒಂದು ದಿಕ್ಕಿಗೆ ಎಳೆಯುತ್ತಿಲ್ಲ. ಕೇಂದ್ರ ಸರ್ಕಾರವು 2024ರಲ್ಲಿ ಪ್ರಾರಂಭಿಸಿದ ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಗುರಿಯಿಟ್ಟುಕೊಂಡು, 1 ಕಿಲೋವಾಟಿಗೆ 30,000 ರೂಪಾಯಿ, 2 ಕಿಲೋವಾಟಿಗೆ 60,000, 3 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿತು. ನಮ್ಮ ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಾದರೋ 200 ಯೂನಿಟ್‌ವರೆಗೆ ಮನೆಬಳಕೆಯ ವಿದ್ಯುತ್ತನ್ನು ಉಚಿತವಾಗಿ ಕೊಟ್ಟಿತು. ಬಡವರ ಮನೆಯ ಬೆಳಕಿನ ದೃಷ್ಟಿಯಿಂದ ಇದರ ಉಪಕಾರ ಅಲ್ಲಗಳೆಯತಕ್ಕದ್ದಲ್ಲ. ಆದರೆ ಬಿಲ್ಲೇ ಬಾರದ ಮನೆಯವನು ಫಲಕಕ್ಕೆ ಹಣ ಏಕೆ ಹಾಕಿಯಾನು? ಒಂದು ಕೈ ಸೂರ್ಯನನ್ನು ಕರೆಯುತ್ತಿದ್ದರೆ ಮತ್ತೊಂದು ಕೈ ಅವನ ಅಗತ್ಯವನ್ನೇ ಇಲ್ಲವಾಗಿಸುತ್ತಿದೆ.

ಕಂಪೆನಿಯೂ ಸ್ಥಳೀಯ ಉತ್ಪಾದಕನೂ ಒಟ್ಟಿಗೆ ಬಾಳುವುದು ಸಾಧ್ಯವೇ ಎಂಬುದಕ್ಕೆ ರೈತರ ಪಂಪ್‌ಸೆಟ್ಟಿನ ಉದಾಹರಣೆಯನ್ನು ನೋಡಬಹುದು. ನಮ್ಮಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತ. ಉಚಿತವಾದದ್ದರಿಂದ ಅಂತರ್ಜಲಕ್ಕೆ ಕಾವಲಿಲ್ಲ. ರಾತ್ರಿ ಮೂರು ಫೇಸ್ ಬಂದಾಗ ರೈತನು ಹಾವು ಚೇಳುಗಳ ನಡುವೆ ಮೋಟಾರು ಹಾಕಲು ಹೋಗಬೇಕು. 2014ರಲ್ಲಿ ನಮ್ಮ ಸರ್ಕಾರವು ಸೂರ್ಯರೈತ ಎಂಬ ಯೋಜನೆಯನ್ನು ಸಾರಿ ಕನಕಪುರ ತಾಲ್ಲೂಕಿನ ನಲ್ಲಹಳ್ಳಿಯ ಕಡೆ ಪ್ರಯೋಗಕ್ಕೆ ತೊಡಗಿತು. ರೈತನಿಗೆ ಸೌರ ಪಂಪು. ನೀರೆತ್ತಿ ಮಿಕ್ಕ ಶಕ್ತಿಯನ್ನು ಕಂಪೆನಿಯು ಕೊಳ್ಳುವುದು. ಆಯೋಗವು 2013ರಲ್ಲಿ ತಾರಸಿ ಮೊದಲಾದ ಸಣ್ಣ ಸೌರ ಸ್ಥಾವರಗಳಿಗೆ ಗೊತ್ತುಮಾಡಿದ್ದ ದರ ಸಹಾಯಧನವಿಲ್ಲದೆ ಯೂನಿಟ್ಟಿಗೆ 9.56 ರೂಪಾಯಿ, ಸಹಾಯಧನವಿದ್ದರೆ 7.20 ರೂಪಾಯಿ. ಫಲಕಗಳ ಬೆಲೆ ಇಳಿದಂತೆ ಮುಂದಿನ ವರ್ಷಗಳಲ್ಲಿ ಹೊಸಬರ ದರವೂ ಬಹಳ ಇಳಿಯಿತು.

ಇದೇ ಸುಮಾರಿಗೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ ಇನ್ನೊಂದು ರೀತಿಯ ಪ್ರಯೋಗ ನಡೆಯಿತು. ಅಂತರರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆಯ ನೆರವಿನಿಂದ ಆರು ಮಂದಿ ರೈತರು ಸೇರಿ ಸೌರ ಪಂಪುಗಳ ಸಹಕಾರ ಸಂಘವನ್ನು ಕಟ್ಟಿದರು. ಅಲ್ಲಿನ ವಿದ್ಯುತ್ ಕಂಪೆನಿಯು 25 ವರ್ಷಗಳವರೆಗೆ ಯೂನಿಟ್ಟಿಗೆ 4.63 ರೂಪಾಯಿಯಂತೆ ಕೊಳ್ಳಲು ಒಪ್ಪಿತು. ಇದರಲ್ಲಿ ಎರಡು ಜಾಣತನಗಳಿವೆ. ಮೊದಲನೆಯದಾಗಿ, ಕಂಪೆನಿಯು ಆರು ರೈತರ ಹಿಂದೆ ಆರು ಮೀಟರು ಹಿಡಿದು ಓಡಾಡಬೇಕಾಗಿಲ್ಲ. ಸಂಘದ ಒಂದೇ ಮೀಟರಿನಲ್ಲಿ ಒಟ್ಟು ಶಕ್ತಿಯನ್ನು ಅಳೆದು ಹಣ ಕೊಡುತ್ತದೆ. ಒಳಗಿನ ಲೆಕ್ಕ ಸಂಘದ್ದು. ಎರಡನೆಯದಾಗಿ, ಮಾರಬಹುದಾದ ಶಕ್ತಿಯನ್ನು ಯಾರೂ ವ್ಯರ್ಥವಾಗಿ ನೀರೆತ್ತಲು ಸುರಿಯುವುದಿಲ್ಲ. ಬಾವಿಯ ನೀರನ್ನು ಉಳಿಸಿದವನಿಗೆ ಕೈಗೆ ಹಣ ಬರುತ್ತದೆ. ಯಾವ ಕಾನೂನೂ ಮಾಡಲಾರದ ಕೆಲಸವನ್ನು ಒಂದು ದರಪಟ್ಟಿ ಮಾಡಬಲ್ಲುದು. 2019ರಲ್ಲಿ ಕೇಂದ್ರವು ಪ್ರಾರಂಭಿಸಿದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟುಗಳ ಫೀಡರಿಗೇ ಹತ್ತಿರದಲ್ಲಿ ಸಣ್ಣ ಸೌರ ಸ್ಥಾವರವನ್ನು ಹಾಕಿ ಹಗಲಿನಲ್ಲಿ ನೀರಾವರಿಗೆ ಶಕ್ತಿ ಒದಗಿಸುವ ಮಾರ್ಗವೂ ಸೇರಿತು.

ಸಂಘದ ಮಾತು ನಮಗೆ ಹೊಸತೇನೂ ಅಲ್ಲ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ತಾನೇ ಹಂಚಿಕೆಯ ಕೆಲಸವನ್ನು ಮಾಡಿಕೊಂಡು ಬಂದಿದೆ. ಊರಿನವರೇ ತಂತಿಯ ಜವಾಬ್ದಾರಿಯನ್ನು ಹೊರಬಲ್ಲರೆಂಬುದಕ್ಕೆ ನಮ್ಮ ನಾಡಿನಲ್ಲೇ ಇರುವ ಸಾಕ್ಷಿ ಇದು.

ಹಾಗಾದರೆ ಕಣದ ಧಾನ್ಯ ಹೇಗೆ ಅಳೆಯಬೇಕು? ಪಂಡಿತರಲ್ಲಿ ಚರ್ಚೆ ನಡೆಯುತ್ತಿರುವ ವಿಷಯದಲ್ಲಿ ನಾನು ತೀರ್ಪು ಕೊಡಲು ಹೋಗುವುದಿಲ್ಲ. ನನಗೆ ನ್ಯಾಯವೆಂದು ತೋರುವುದನ್ನು ಹೇಳುತ್ತೇನೆ. ತಂತಿಯನ್ನು ಕಣಜದಂತೆ ಬಳಸುವವನು ತಂತಿಯ ಬಾಡಿಗೆಯನ್ನು ಕೊಡಬೇಕು, ಮೇಷ್ಟರೂ ಕೊಡಬೇಕು. ಆದರೆ ಆ ಬಾಡಿಗೆ ಇಷ್ಟೆಂದು ಮೊದಲೇ ತಿಳಿದಿರಬೇಕು, ಒಪ್ಪಂದವಾದ ಮೇಲೆ ನಡುವೆ ಬದಲಾಗಬಾರದು. ಹಾಗೆಯೇ ಅವರ ಫಲಕದಿಂದ ತಂತಿಯ ನಷ್ಟ ತಗ್ಗಿದ್ದಕ್ಕೂ, ಕಂಪೆನಿಯು ಕಾನೂನಿನಂತೆ ಕೊಳ್ಳಲೇಬೇಕಾದ ನವೀಕರಿಸಬಹುದಾದ ಶಕ್ತಿಯ ಪಾಲು ತುಂಬಿದ್ದಕ್ಕೂ ಅವರಿಗೆ ಬೆಲೆ ಸಲ್ಲಬೇಕು. ಮಧ್ಯಾಹ್ನದ ಯೂನಿಟ್ಟಿಗೂ ಸಂಜೆಯ ಯೂನಿಟ್ಟಿಗೂ ಒಂದೇ ಬೆಲೆಯಿರುವುದು ಸರಿಯಲ್ಲ. 2023ರಲ್ಲಿ ಕೇಂದ್ರ ಸರ್ಕಾರವು ನಿಯಮಗಳನ್ನು ತಿದ್ದಿ, ಬಿಸಿಲಿನ ವೇಳೆ ಅಗ್ಗ, ಸಂಜೆಯ ನೂಕುನುಗ್ಗಲಿನ ವೇಳೆ ತುಟ್ಟಿ, ಎಂಬ ವೇಳೆವಾರು ದರದ ಕಡೆಗೆ ದಾರಿ ಮಾಡಿತು. ಅಂತಹ ದರ ಮನೆಮನೆಗೂ ಬಂದಾಗ ಬಟ್ಟೆ ಒಗೆಯುವ ಯಂತ್ರವೂ ನೀರಿನ ಮೋಟಾರೂ ಮಧ್ಯಾಹ್ನಕ್ಕೆ ಸರಿಯುವುವು. ಬ್ಯಾಟರಿಯಿಡುವುದೂ ಕೆಲವರಿಗೆ ಗಿಟ್ಟುವುದು. ಇನ್ನು ತಾರಸಿಯಿಲ್ಲದವರ ಗತಿಯೇನು? ಶಾಲೆ, ಪಂಚಾಯತಿ ಕಚೇರಿ, ಸಂತೆಯ ಮಾಳಿಗೆಗಳ ಮೇಲೆ ಕಂಪೆನಿಯೇ ಮುಂದಾಗಿ ಫಲಕ ಹಾಕಿಸಿ ಅದರ ಪಾಲನ್ನು ಅವರ ಬಿಲ್ಲಿಗೆ ಹಚ್ಚಬಹುದು. ಕಾಲುವೆಯ ತುದಿಯ ಗದ್ದೆಗೆ ನೀರು ಮುಟ್ಟಿಸುವುದೆಂದರೆ ಇದೇ.

ಆ ಸಂಜೆ ಮೇಷ್ಟರು ಎದ್ದುಹೋಗುವಾಗ ಬಾಗಿಲಲ್ಲಿ ನಿಂತು, "ಮುಂದೆ ನೀನು ಕಂಬ ಹತ್ತೋ ಮೊದಲು ನನಗೊಂದು ಮಾತು ಹೇಳಿಬಿಡಪ್ಪ. ಯಂತ್ರ ಕೈ ಬಿಡುತ್ತೆ ಅಂತೀಯ, ಸರಿ. ಆದರೂ ನಾನು ಮೇನ್ ಸ್ವಿಚ್ಚನ್ನು ಕೈಯಾರೆ ಇಳಿಸಿಬಿಡ್ತೀನಿ" ಎಂದರು. ತಂದೆಯವರು ನಕ್ಕು, "ಆಗಲಿ ಮೇಷ್ಟ್ರೇ, ನಿಮ್ಮ ಮೀಟರು ತಡವಾದದ್ದು ತಪ್ಪು. ನನ್ನ ಕೈಲಾದದ್ದನ್ನು ಆಫೀಸಿನಲ್ಲಿ ಹೇಳ್ತೀನಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬರೆಯೋದಾದರೆ ಇದನ್ನೂ ಬರಿ ಮಗಳೇ. ತಂತಿಯ ಎರಡು ಕೊನೆಯಲ್ಲೂ ಮನುಷ್ಯರಿದ್ದಾರೆ" ಎಂದರು.

ನಮ್ಮ ಕಾಲೇಜಿನ ಕಟ್ಟಡಕ್ಕೂ ವಿಶಾಲವಾದ ತಾರಸಿಯಿದೆ. ಸುಮಾರು 100 ಚದರಡಿಗೆ 1 ಕಿಲೋವಾಟ್ ಹಿಡಿಸುತ್ತದೆ. ಬೇಸಗೆಯ ರಜೆಯಲ್ಲಿ, ತರಗತಿಗಳೆಲ್ಲ ಮುಚ್ಚಿರುವಾಗ, ಅದರ ಮೇಲೆ ಬೀಳುವ ಬಿಸಿಲು ಯಾರಿಗೂ ಉಪಯೋಗವಿಲ್ಲದೆ ಕಾದು ಆರುತ್ತದೆ. ನಮ್ಮ ಕಾಲೇಜಿನ ಹಿಂದಿನ ಬೀದಿಯು ಟಿ.ಸಿ.ಯಿಂದ ಬಹು ದೂರದ ಕೊನೆಯ ಬೀದಿ. ಅಲ್ಲಿ ಬೇಸಗೆಯ ಮಧ್ಯಾಹ್ನ ಹಿಟ್ಟಿನ ಗಿರಣಿಯ ಮೋಟಾರು ವೋಲ್ಟೇಜು ಸಾಲದೆ ನರಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಪೂಜ್ಯ ಪ್ರಾಂಶುಪಾಲರೂ ಅಧ್ಯಾಪಕ ವರ್ಗದವರೂ ಈ ವಿಷಯದಲ್ಲಿ ಮನಸ್ಸು ಮಾಡಿದರೆ, ಅರ್ಜಿ ಬರೆಯುವ ಕೆಲಸವನ್ನು ಅರ್ಥಶಾಸ್ತ್ರ ಸಂಘದ ವಿದ್ಯಾರ್ಥಿಗಳಾದ ನಾವು ವಹಿಸಿಕೊಳ್ಳಲು ಸಿದ್ಧರಿದ್ದೇವೆ. ಮೀಟರಿಗಾಗಿ ಎಷ್ಟು ದಿನ ಕಾಯಬೇಕಾಗುವುದೋ ಅದನ್ನೂ ಮುಂದಿನ ವರ್ಷದ ಸಂಚಿಕೆಯಲ್ಲಿ ತಪ್ಪದೆ ಬರೆಯುತ್ತೇವೆ.